ಚಾಚಾ ಅಂಟಿಸಿದ ಕುದುರೆ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಗಾಡಿ ನೀಲಿ ಬಣ್ಣದ್ದು, ಅದರ ಮೇಲೆ ಅಂಟಿಸಿದ ಕುದುರೆ ಬಿಳಿಯದು, ಇಷ್ಟು ಖಾತ್ರಿ. ಆದರೆ ಅದು ಚಳಿಗಾಲದ ಕೊನೆಯೋ ಬೇಸಿಗೆಯ ಮೊದಲೋ, ನಾನು ಮಾಳಿಗೆಯ ಮೇಲೆ ನಿಂತಿದ್ದೆನೋ ಮೆಟ್ಟಿಲಿನ ಮೇಲೆ ಕುಳಿತಿದ್ದೆನೋ, ಅಂಗಡಿಯ ಮುಂದೆ ನಾನು ಕಂಡ ಹೆಂಗಸು ನನ್ನ ಚಿಗವ್ವನೇ ಹೌದೋ... ಇದನ್ನೆಲ್ಲ ಆಣೆ ಮಾಡಿ ಹೇಳಲಾರೆ. ಆ ವರ್ಷದ ನನ್ನ ದಿನಚರಿಯಲ್ಲಿ ಪರೀಕ್ಷೆಯ ಗೋಳಿನ ಹೊರತು ಬೇರೇನೂ ಇಲ್ಲ. ಒಂದೇ ಮಧ್ಯಾಹ್ನವನ್ನು ಇಷ್ಟು ವರ್ಷ ತಿರುತಿರುಗಿ ನೆನೆದ ಮೇಲೆ, ಕಣ್ಣಾರೆ ಕಂಡದ್ದು ಎಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದು ಎಷ್ಟು ಎಂದು ಬಿಡಿಸಿ ನೋಡುವುದು ನನ್ನಿಂದ ಆಗಿಲ್ಲ. ಬರೆದರೆ ಬಿಡಿಸಲು ಬಂದೀತೇನೋ ಎಂದು ಬರೆಯುತ್ತಿದ್ದೇನೆ.

ಕಳೆದ ತಿಂಗಳು ಹಾವೇರಿಯಲ್ಲಿ ರಕ್ತ ಪರೀಕ್ಷೆಗೆಂದು ಒಂದು ಲ್ಯಾಬಿಗೆ ಹೋಗಿದ್ದೆ. ಸಿಸ್ಟರ್ ನನ್ನ ಮೊಣಕೈಯ ಒಳಬದಿಗೆ ಹತ್ತಿಯಿಂದ ಸ್ಪಿರಿಟ್ ಒರೆಸಿದಳು. ಆ ಜಾಗ ತಣ್ಣಗಾಯಿತು, ವಾಸನೆ ಮೂಗಿಗೆ ಏರಿತು. ಏನೋ ತುರಿಸಿದಂತಾಗಿ ನಾನು ಅಲ್ಲಿಗೆ ಬೆರಳು ಒಯ್ದೆ. ‘ಕೈ ತಗೀರಿ ಮೇಡಂ, ಒರಸಿದ ಜಾಗಾ ಮುಟ್ಟಬಾರದು,’ ಎಂದಳು ಆಕೆ. ಅಷ್ಟೇ. ಸೂಜಿ ಒಳಗೆ ಹೋದದ್ದು ನನಗೆ ಗೊತ್ತಾಗಲಿಲ್ಲ. ನನ್ನ ಕಿವಿಯಲ್ಲಿ ಬೇರೊಂದು ದನಿ ಕೂಗುತ್ತಿತ್ತು, ‘ಕೈ! ಕೈ ತಗಿ!’ ಎಂದು...

ಅದು ರೇಡಿಯಂ ಚಾಚಾ ಅವರ ದನಿ. ರಾಣೆಬೆನ್ನೂರಿನಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಅವರ ಅಂಗಡಿ ಇತ್ತು. ಲಾರಿ, ಟ್ರ್ಯಾಕ್ಟರು, ಟಂಟಂ, ಗೂಡ್ಸ್ ಗಾಡಿ, ಯಾವುದೇ ಬರಲಿ, ಅದರ ಮೇಲೆ ಮಕ್ಕಳ ಹೆಸರು, ಮನೆದೇವರು, ಹೂಬಳ್ಳಿ, ಹದ್ದು, ಹುಲಿಗಳ ಸ್ಟಿಕ್ಕರ್ ಕತ್ತರಿಸಿ ಅಂಟಿಸಿಕೊಡುತ್ತಿದ್ದರು. ಇಂಥ ಸ್ಟಿಕ್ಕರಿಗೆ ನಮ್ಮ ಕಡೆ ರೇಡಿಯಂ ಎನ್ನುತ್ತಾರೆ. ಅಂಗಡಿಗೂ ಅದೇ ಹೆಸರಾಯಿತು, ಅವರಿಗೂ ಅದೇ ಹೆಸರಾಯಿತು. ಅವರ ನಿಜವಾದ ಹೆಸರು ನಮ್ಮ ಅಪ್ಪನಿಗಾದರೂ ಗೊತ್ತಿತ್ತೋ ಇಲ್ಲವೋ.

ಚಾಚಾ ಜಂಬದ ಮನುಷ್ಯ. ಮಾಡುವುದು ಗ್ರೀಸು, ಧೂಳು, ಡಾಂಬರಿನ ನಡುವಿನ ಕೆಲಸವಾದರೂ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನೇ ತೊಡುತ್ತಿದ್ದರು. ಸಂಜೆ ಆ ಅಂಗಿಯ ಮೇಲೆ ಒಂದು ಕಲೆಯೂ ಇರುತ್ತಿರಲಿಲ್ಲ, ಅದನ್ನು ಓಣಿಯವರೆಲ್ಲ ನೋಡಲಿ ಎಂದೇ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ‘ಗಾಡಿ ಗುಜರಿಗೆ ಹೋಗ್ತೈತಿ, ನಾ ಹಚ್ಚಿದ ಅಕ್ಷರಾ ಹೋಗಂಗಿಲ್ಲ,’ ಎಂಬುದು ಅವರು ಬಂದವರಿಗೆಲ್ಲ ಹೇಳುತ್ತಿದ್ದ ಮಾತು. ಬೇರೆ ಅಂಗಡಿಯಲ್ಲಿ ಹಚ್ಚಿಸಿದ ಸ್ಟಿಕ್ಕರು ಅಂಚಿನಲ್ಲಿ ಎದ್ದು ನಿಂತ ಗಾಡಿ ರಸ್ತೆಯಲ್ಲಿ ಹೋದರೆ ಸಾಕು, ಕೂತಲ್ಲಿಂದಲೇ ಅದಕ್ಕೆ ಕೈ ಬೀಸಿ ನಗುತ್ತಿದ್ದರು.

ಅಂಟಿಸುವುದು ಅವರಿಗೆ ಸಣ್ಣ ಕೆಲಸ. ಅದಕ್ಕೂ ಮೊದಲು ಗಾಡಿಯ ತಗಡನ್ನು ತೊಳೆದು ಒರೆಸುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ಮೊದಲು ಬರಿಯ ನೀರು ಸುರಿದು ಧೂಳು ಇಳಿಸುವುದು. ಆಮೇಲೆ ಸೋಪಿನ ನೀರು. ಡಾಂಬರಿನ ಚುಕ್ಕೆಗಳಿಗೆ ಸೀಮೆಎಣ್ಣೆ. ಸೀಮೆಎಣ್ಣೆ ತಾನೂ ಜಿಡ್ಡು ಬಿಡುತ್ತದೆಂದು ಮತ್ತೆ ಸೋಪು. ತಗಡಿನ ಸಂದಿಯಲ್ಲಿ ನಿಂತ ನೀರು ಆರುವ ತನಕ ಕಾಯುವುದು. ಕೊನೆಗೆ ಸ್ಪಿರಿಟ್. ಒಂದು ಕೈಯಲ್ಲಿ ಸ್ಪಿರಿಟಿನಲ್ಲಿ ತೊಯ್ದ ಬಟ್ಟೆ, ಇನ್ನೊಂದರಲ್ಲಿ ಒಣ ಬಟ್ಟೆ. ಮೊದಲಿನದು ಒರೆಸಿದ್ದು ಹಾರಿಹೋಗುವ ಮೊದಲೇ ಎರಡನೆಯದು ಅದರ ಬೆನ್ನಿಗೇ ಹೋಗಬೇಕು. ಇಲ್ಲದಿದ್ದರೆ ಎತ್ತಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ ಎನ್ನುತ್ತಿದ್ದರು.

ಇದರ ನಡುವೆ ಗಾಡಿಯವರು ಮಾಡಿಕೊಂಡು ಬರುತ್ತಿದ್ದ ಒಂದು ಎಡವಟ್ಟು ಇತ್ತು. ಸ್ಟಿಕ್ಕರು ಹಚ್ಚಿಸುವುದು ಅವರಿಗೆ ಒಂದು ಸಂಭ್ರಮ. ಹಿಂದಿನ ದಿನವೇ ಗಾಡಿ ಮಿಂಚಲಿ ಎಂದು ತಗಡಿಗೆಲ್ಲ ಕೊಬ್ಬರಿ ಎಣ್ಣೆ ಸವರಿಕೊಂಡು, ಹೂವಿನ ಹಾರ ಹಾಕಿಕೊಂಡು ಬರುತ್ತಿದ್ದರು. ಮೋಟೆಬೆನ್ನೂರಿನ ಒಬ್ಬ ಡ್ರೈವರ್ ಹಾಗೆ ಬಂದಾಗ ಚಾಚಾ ಗಾಡಿಯ ಸುತ್ತ ಒಂದು ಸುತ್ತು ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ.

‘ಏನೋ ಇದು, ಗಾಡಿಗೆ ಎಣ್ಣಿ ನೀರು ಹಾಕ್ಸಿಕೊಂಡು ಬಂದೀಯಲ್ಲ. ಮದಿವಿ ಐತೇನು ಇದರದು?’

‘ಮಿಂಚಲಿ ಅಂತ್ರಿ ಚಾಚಾ. ನೋಡ್ರಿ, ಹೆಂಗ ಕನ್ನಡಿ ಆಗೈತಿ.’

‘ಕನ್ನಡಿ ಆಗೈತಿ, ಖರೇ. ಎಣ್ಣಿ ಸುರದ ನೆತ್ತಿ ಮ್ಯಾಲ ಬಾಸಿಂಗ ನಿಂದರತೈತೇನು? ಜಾರಿ ಮೂಗಿನ ಮ್ಯಾಲ ಬರ್ತೈತಿ. ಹೋಗು, ಕೊಡಾ ತಗೊಂಡು ನೀರು ತಾ. ಮಿಂಚಿಸಿದ ಕೈನ ತೊಳೀಲಿ.’

ತೊಳೆದ ಮೇಲೆ ಒಂದು ಚೊಂಬು ನೀರು ಸುರಿದು ನೋಡುತ್ತಿದ್ದರು. ನೀರು ಹನಿ ಹನಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ ಎಂದು ಅರ್ಥ. ಹಾಳೆಯ ಹಾಗೆ ಹರಡಿ ಒಂದೇ ಸಮನೆ ಇಳಿದರೆ ಕೆಲಸ ಆಯಿತು ಎಂದು ಅರ್ಥ. ಬ್ಯಾಡಗಿಯ ಗಾಡಿಗಳೆಂದರೆ ಮಾತ್ರ ಅವರಿಗೆ ಸಿಟ್ಟೇ ಬರುತ್ತಿತ್ತು. ಮೆಣಸಿನಕಾಯಿ ಚೀಲ ಹೊತ್ತು ಹೊತ್ತು ಅವುಗಳ ಮೈಗೆ ಕೆಂಪು ಹಿಡಿದಿರುತ್ತಿತ್ತು. ಒಣ ಧೂಳಾದರೆ ನೀರಿಗೆ ಹೋದೀತು, ಕಾಯಿ ಬಿಟ್ಟ ಎಣ್ಣೆ ಸುಮ್ಮನೆ ಹೋಗುವುದಿಲ್ಲ. ಮೂಗಿಗೆ ಒದ್ದೆ ವಸ್ತ್ರ ಕಟ್ಟಿಕೊಂಡು, ಸೀನುತ್ತಾ, ಬೈಯುತ್ತಾ, ಬಿಳಿ ಬಟ್ಟೆಯಿಂದ ಒರೆಸುತ್ತಿದ್ದರು. ಬಟ್ಟೆ ಗುಲಾಬಿಯಾಗುವುದು ನಿಂತಾಗಲೇ ಅವರೂ ನಿಲ್ಲುತ್ತಿದ್ದರು.

ಸ್ಪಿರಿಟ್ ಒರೆಸಿದ ಮೇಲೆ ಆ ತಗಡನ್ನು ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ದಲಾಲಿ ಅಂಗಡಿಯ ದೊಡ್ಡ ಸಾಹುಕಾರರೊಬ್ಬರು ಒರೆಸಿದ ಬಾಗಿಲಿನ ಮೇಲೆ ಬೆರಳಿಟ್ಟು ‘ಇಲ್ಲೇ ಹಚ್ಚರಿ’ ಎಂದು ತೋರಿಸಿದಾಗ, ಚಾಚಾ ‘ಕೈ! ಕೈ ತಗೀರಿ!’ ಎಂದು ಕೂಗಿದ ಕೂಗಿಗೆ ನಮ್ಮವ್ವ ಒಳಗಿನಿಂದ ಓಡಿ ಬಂದಿದ್ದಳು. ‘ನಿಮ್ಮ ಬೆರಳು ನಿಮ್ಮ ಅಂಗಡ್ಯಾಗ ಲಕ್ಷ್ಮಿ ಇರಬಹುದ್ರಿ ಸಾವ್ಕಾರ್ರ, ಇಲ್ಲಿ ಅದು ಬರೇ ಜಿಡ್ಡು,’ ಎಂದು ಹೇಳಿ, ಇಡೀ ಬಾಗಿಲನ್ನು ಸೋಪಿನಿಂದ ಮತ್ತೆ ಶುರು ಮಾಡಿದರು. ಸಾಹುಕಾರರು ಸಿಟ್ಟಾಗಿ ಹೋಗುತ್ತಾರೆಂದು ನಾವು ಕಾದೆವು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಬ್ಯಾಡಗಿಯಲ್ಲಿದ್ದ. ಗೂಡ್ಸ್ ಗಾಡಿ ಇಟ್ಟುಕೊಂಡು ಮಾರುಕಟ್ಟೆ ಯಾರ್ಡಿನಿಂದ ಕೋಲ್ಡ್ ಸ್ಟೋರೇಜುಗಳಿಗೆ ಮೆಣಸಿನಕಾಯಿ ಚೀಲ ಸಾಗಿಸುತ್ತಿದ್ದ. ಗಾಡಿ ಹೊಸದಾಗಿ ಬಂದಾಗ ಅದರ ಮೇಲೆ ಮಗಳ ಹೆಸರು ಹಾಕಿಸಲು ಚಾಚಾ ಅವರಲ್ಲಿಗೇ ತಂದ. ಮಗಳೂ ಜೊತೆಗೆ ಬಂದಿದ್ದಳು. ಅವನಿಗೆ ಒಬ್ಬಳೇ ಮಗಳು, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಗಳಲ್ಲಿ ಈಗ ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

‘ಹಳದಿ ಅಕ್ಷರಾ ಹಚ್ಚರಿ ಚಾಚಾ,’ ಎಂದಳು ಆಕೆ.

‘ನೀಲಿ ಮ್ಯಾಲ ಬಿಳಿ ಒಪ್ಪತೈತಿ ಬೇಟಿ. ಹಳದಿ ಸಾಲಿ ವ್ಯಾನಿಗೆ.’

‘ಹಂಗಾರ ನಾ ಸಾಲಿ ವ್ಯಾನ್. ಹಳದೀನ ಹಚ್ಚರಿ.’

‘ಈಕಿನ್ನ ಯಾರ್ಡ್‌ನ್ಯಾಗ ಕುಂಡ್ರಿಸ್ರಿ ಅಣ್ಣಾರ,’ ಚಾಚಾ ಕಾಕಾನ ಕಡೆ ತಿರುಗಿ ನಕ್ಕರು. ‘ದಲಾಲ್ರು ಅಂಗಡಿ ಮುಚ್ಚಿಕೊಂಡು ಹೋಗ್ತಾರ.’

ಹಳದಿಯೇ ಗೆದ್ದಿತು. ಮುಂದಿನ ಗಾಜಿನ ಕೆಳಗೆ, ಗಾಡಿಯ ಮುಖದ ಅಗಲವಾದ ತಗಡಿನ ಮೇಲೆ, ದೊಡ್ಡ ಹಳದಿ ಅಕ್ಷರಗಳು.

ಬ್ಯಾಡಗಿಯ ಯಾರ್ಡಿನಲ್ಲಿ ಹಮಾಲರು ಗಾಡಿಗಳನ್ನು ನಂಬರಿನಿಂದ ಕರೆಯುವುದಿಲ್ಲ, ಮುಖದ ಮೇಲೆ ಯಾವ ಹೆಸರಿದೆಯೋ ಅದರಿಂದ ಕರೆಯುತ್ತಾರೆ. ದೇವರ ಹೆಸರಿದ್ದರೆ ದೇವರು ಬಂದ, ಮಗನ ಹೆಸರಿದ್ದರೆ ಮಗ ಬಂದ. ಹೀಗಾಗಿ ದಿನವಿಡೀ ನನ್ನ ತಂಗಿಯ ಹೆಸರು ಹಿಡಿದು ಅಲ್ಲಿ ಕೂಗು ನಡೆಯುತ್ತಿತ್ತು. ‘ಬಂದ್ಳು ನೋಡ್ರೋ, ದಾರಿ ಬಿಡ್ರಿ.’ ‘ಆಕೀ ಹೊಟ್ಟಿ ತುಂಬೈತಿ, ಇನ್ನ ಚೀಲಾ ಹಾಕಬ್ಯಾಡ್ರಿ.’ ಮನೆಗೆ ಬಂದು ಕಾಕಾ ಇದನ್ನೆಲ್ಲ ಹೇಳಿದರೆ ಆಕೆ ಹಮಾಲರನ್ನು ಬೈಯುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು.

ಪಿಯುಸಿ ಮೊದಲ ವರ್ಷದಲ್ಲಿ ಆಕೆಗೆ ಜ್ವರ ಬಂತು. ಹಾವೇರಿಗೆ ಒಯ್ದರು, ಅಲ್ಲಿಂದ ಹುಬ್ಬಳ್ಳಿಗೆ ಒಯ್ದರು... ಕರೆದುಕೊಂಡು ಬರಲಿಲ್ಲ, ಹೊತ್ತುಕೊಂಡು ಬಂದರು.

ಕೆಲವು ದಿನ ಗಾಡಿ ಮನೆಯ ಮುಂದೆ ನಿಂತಿತ್ತು. ಹಂಗಾಮು ಶುರುವಾದಾಗ ಕಾಕಾ ಅದನ್ನು ಯಾರ್ಡಿಗೆ ಒಯ್ಯಲೇಬೇಕಾಯಿತು. ಮೊದಲ ದಿನ ಯಾರೋ ಒಬ್ಬ ಹಮಾಲ ರೂಢಿಯಂತೆ ಹೆಸರು ಕೂಗಿ, ನೆನಪಾಗಿ, ನಾಲಿಗೆ ಕಚ್ಚಿಕೊಂಡನಂತೆ. ಆದರೆ ಗದ್ದಲದಲ್ಲಿ ನಾಲಿಗೆಯನ್ನು ಎಷ್ಟು ದಿನ ಹಿಡಿಯಲಾದೀತು? ಹಂಗಾಮಿಗೆಂದು ಹೊರಗಿನಿಂದ ಬಂದ ಹಮಾಲರಿಗೆ ಸಂಗತಿ ಗೊತ್ತೂ ಇರಲಿಲ್ಲ. ಅವರು ಗಾಡಿಯ ಮುಖ ನೋಡಿದರು, ಹೆಸರು ಕೂಗಿದರು.

ಅದೇ ಹೊತ್ತಿಗೆ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಯಾರ್ಡಿನ ಒಂದು ದಲಾಲಿ ಅಂಗಡಿಯ ಮುಂದೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗತೊಡಗಿದಳು. ಹಿಂದೆಂದೂ ಆ ಕೆಲಸಕ್ಕೆ ಹೋದವಳಲ್ಲ. ಮನೆಯಲ್ಲಿ ಒಬ್ಬಳೇ ಕುಳಿತಿರಲು ಆಗದೆ ಹೋಗುತ್ತಾಳೆ ಎಂದುಕೊಂಡೆವು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದವಳು ಒಂದು ದಿನ ಆಕೆಯನ್ನು ನೋಡಲು ಅಲ್ಲಿಗೇ ಹೋದೆ. ಪತ್ರಾಸ್ ತಗಡಿನ ಮಾಡಿನ ನೆರಳಿನಲ್ಲಿ ಹೆಂಗಸರ ಸಾಲು, ಎದುರಿಗೆ ಕೆಂಪು ರಾಶಿ. ಚಿಗವ್ವನ ಅಂಗೈಗಳು ಕಾಯಿಯ ಎಣ್ಣೆಯಿಂದ ಕೆಂಪಗೆ ಹೊಳೆಯುತ್ತಿದ್ದವು. ನಾನು ಏನೋ ಹೇಳುತ್ತಿದ್ದೆ. ಆಕೆ ತಲೆ ಎತ್ತದೆ, ‘ಸುಮ್ನಿರು ಯವ್ವಾ. ಈಗ ಕರೀತಾರ,’ ಎಂದಳು.

ಸ್ವಲ್ಪ ಹೊತ್ತಿಗೆ ಆ ಕಡೆಯ ಸಾಲಿನಿಂದ ಒಬ್ಬ ಹಮಾಲ ನನ್ನ ತಂಗಿಯ ಹೆಸರು ಹಿಡಿದು, ಹಿಂದಕ್ಕೆ ಬಾ, ಇನ್ನೂ ಹಿಂದಕ್ಕೆ ಬಾ ಎಂದು ಕೂಗಿದ. ಚಿಗವ್ವನ ಕೈ ನಿಂತಿತು. ಕೂಗು ಮುಗಿಯುವ ತನಕ ಹಾಗೇ ನಿಂತಿತ್ತು. ಆಮೇಲೆ ಮತ್ತೆ ತೊಟ್ಟು ಬಿಡಿಸತೊಡಗಿದಳು. ಇನ್ನೂ ಹಿಂದಕ್ಕೆ ಬಾ... ಆ ಕೂಗು ಈಗಲೂ ಕೆಲವೊಮ್ಮೆ ನನ್ನನ್ನು ಹಿಡಿಯುತ್ತದೆ, ಬಸ್ ನಿಲ್ದಾಣಗಳಲ್ಲಿ, ಯಾರೋ ಯಾವುದೋ ಗಾಡಿಯನ್ನು ಹಿಂದಕ್ಕೆ ಕರೆಯುವಾಗ.

ಗಂಡ ಹೆಂಡತಿ ಈ ಬಗ್ಗೆ ಒಂದು ಮಾತೂ ಆಡಿಕೊಂಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ಒಬ್ಬಳು ಆ ಹೆಸರು ಕೇಳಲೆಂದೇ ದಿನಾ ಅಲ್ಲಿಗೆ ಹೋಗುತ್ತಿದ್ದಳು. ಇನ್ನೊಬ್ಬ ಅದನ್ನು ಕೇಳಲಾರದೆ ಸಾಯುತ್ತಿದ್ದ.

ಕಾಕಾ ಮತ್ತೆ ಚಾಚಾ ಅವರಲ್ಲಿಗೆ ಗಾಡಿ ತಂದ ದಿನ ನಾನು ಮನೆಯಲ್ಲೇ ಇದ್ದೆ. ಚಾಚಾ ಅವರ ಅಂಗಡಿ ನಮ್ಮ ಕಟ್ಟೆಗೆ ಕೇಳಿಸುವಷ್ಟು ಹತ್ತಿರ.

‘ಇದನ್ನ ತಗೀರಿ ಚಾಚಾ.’

ಚಾಚಾ ಗಾಡಿಯ ಮುಖ ನೋಡಿದರು, ಕಾಕಾನ ಮುಖ ನೋಡಿದರು. ‘ಗಟ್ಟಿ ಐತಲ್ರಿ ಅಣ್ಣಾರ. ಒಂದ ಅಂಚೂ ಎದ್ದಿಲ್ಲ.’

‘ಗಟ್ಟಿ ಐತಿ ಅಂತನ ಬಂದೇನಿ. ದಿನಾ ಒದರ್ತಾರ. ಆಕಿನ್ನ ತುಂಬ್ರಿ, ಆಕಿನ್ನ ಹಿಂದಕ ತಗೋರಿ... ನಾ ಸ್ಟೇರಿಂಗ್ ಹಿಡಕೊಂಡು ಕುಂತಿರ್ತೇನಿ. ನನ್ನ ಕೈಲೆ ಆಗವಲ್ದು.’

‘ಮನ್ಯಾಗ ಕೇಳೀರೇನು?’

ಕಾಕಾ ಗಾಡಿಯನ್ನು ಇನ್ನಷ್ಟು ಅಂಗಡಿಯ ಹತ್ತಿರಕ್ಕೆ ತಂದು ನಿಲ್ಲಿಸಿದ. ಚಾಚಾ ಅಂಗಡಿಯ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಒಳಗೆ ಅವರು ಫೋನಿನಲ್ಲಿ ಮಾತಾಡುತ್ತಿದ್ದರು ಎಂದು ನನ್ನ ನೆನಪು. ಅವರು ಯಾರ ಜೊತೆ ಬೇಕಾದರೂ ಮಾತಾಡಿರಬಹುದು. ಈ ಫೋನನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು.

ಹೊರಗೆ ಬಂದು ಬಿಸಿನೀರಿನ ಬಟ್ಟೆ ಒತ್ತಿ ಅಕ್ಷರಗಳನ್ನು ಒಂದೊಂದಾಗಿ ಎಬ್ಬಿಸಿದರು. ಅಷ್ಟು ಗಟ್ಟಿಯಾಗಿದ್ದವು, ಉಗುರಿಗೆ ಸುಲಭಕ್ಕೆ ಬರಲಿಲ್ಲ. ಕೊನೆಯ ಅಕ್ಷರ ಬಂದ ಮೇಲೆ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಸ್ಟಿಕ್ಕರು ಹೋಗಿತ್ತು, ಹೆಸರು ಹೋಗಿರಲಿಲ್ಲ. ಇಷ್ಟು ದಿನದ ಬಿಸಿಲಿಗೆ ಗಾಡಿಯ ನೀಲಿ ಮಾಸಿ ಬೂದಿಯಾಗಿತ್ತು. ಅಕ್ಷರಗಳ ಅಡಿಯಲ್ಲಿ ಮಾತ್ರ ಬಣ್ಣ ಹೊಸ ಗಾಡಿಯ ಕಡುನೀಲಿಯಾಗೇ ಉಳಿದಿತ್ತು. ಸುತ್ತಲೂ ಅಂಟಿಗೆ ಕೂತ ಕೆಂಪು ಧೂಳಿನ ಸಣ್ಣ ಗೆರೆ. ಮೊದಲಿಗಿಂತ ಸ್ಪಷ್ಟವಾಗಿ ಓದಬಹುದಿತ್ತು.

‘ಇದನ್ನ ತಿಕ್ಕಿ ತಗಿಯಾಕ ಬರಂಗಿಲ್ರಿ,’ ಎಂದರು ಚಾಚಾ. ‘ಪೇಂಟ್ ಹೊಡಸ್ರಿ.’

‘ಹಂಗಾಮಿನ್ಯಾಗ ಗಾಡಿ ಬಿಟ್ಟು ಹೆಂಗ ಕುಂದ್ರಲಿ? ಮ್ಯಾಲ ಏನರ ಹಚ್ಚರಿ. ಹೆಸರು ಮಾತ್ರ ಬ್ಯಾಡ.’

ಇಡೀ ತಗಡನ್ನು ಮುಚ್ಚುವಂಥದು ಅಂಗಡಿಯಲ್ಲಿ ಒಂದೇ ಇತ್ತು, ಓಡುವ ಬಿಳಿ ಕುದುರೆ. ಆಗಲಿ ಎಂದ ಕಾಕಾ.

ಚಾಚಾ ಆ ದಿನ ಎಂದಿನಂತೆಯೇ ಕೆಲಸ ಮಾಡಿದರು, ಬೈಗುಳ ಮಾತ್ರ ಇರಲಿಲ್ಲ. ನೀರು, ಸೋಪು, ಹಳೆ ಅಂಟಿಗೆ ಸೀಮೆಎಣ್ಣೆ, ಮತ್ತೆ ಸೋಪು. ಚೊಂಬಿನ ನೀರು ಹಾಳೆಯಾಗಿ ಇಳಿಯಿತು. ಸ್ಪಿರಿಟ್ ಒರೆಸಿದರು, ಬಿಳಿ ಬಟ್ಟೆ ಬಿಳಿಯಾಗೇ ಉಳಿಯಿತು. ಅಷ್ಟರಲ್ಲಿ ಅವ್ವ ಊಟಕ್ಕೆ ಕರೆದಳು. ಕಾಕಾ ನಮ್ಮ ಮನೆಯ ಒಳಗೆ ಹೋದ. ನಾನು ಪುಸ್ತಕ ಹಿಡಿದು ಮಾಳಿಗೆ ಹತ್ತಿದೆ, ಅಥವಾ ಅರ್ಧಕ್ಕೇ ಮೆಟ್ಟಿಲ ಮೇಲೆ ಕೂತೆ...

ಅಲ್ಲಿಂದ ಕಂಡದ್ದು ಹೀಗಿದೆ. ಗಾಡಿಯ ಮುಂದೆ ಒಬ್ಬ ಹೆಂಗಸು ನಿಂತಿದ್ದಾಳೆ, ಬೆನ್ನು ನನ್ನ ಕಡೆಗೆ. ಎರಡೂ ಅಂಗೈಗಳನ್ನು ಒರೆಸಿದ ತಗಡಿನ ಮೇಲೆ ಇಟ್ಟಿದ್ದಾಳೆ. ಕೈಗಳು ನಿಧಾನವಾಗಿ ಎಡದಿಂದ ಬಲಕ್ಕೆ ಸಾಗುತ್ತಿವೆ, ಒಂದು ಅಕ್ಷರದ ಮೇಲೆ ನಿಂತು, ಮುಂದಿನದಕ್ಕೆ ಹೋಗಿ. ಚಾಚಾ ಪಕ್ಕದಲ್ಲೇ ನಿಂತಿದ್ದಾರೆ. ಅವರು ಕೂಗುತ್ತಿಲ್ಲ. ಅವರ ಕೈಯಲ್ಲಿ ಒರೆಸುವ ಬಟ್ಟೆ ಇದೆ, ಅವರು ನೆಲ ನೋಡುತ್ತಿದ್ದಾರೆ.

ನಾನು ಕೆಳಗೆ ಇಳಿದು ಬರುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಬಸ್ ನಿಲ್ದಾಣದ ರಸ್ತೆಯ ಕಡೆ ನೋಡಿದೆ, ಬರಿಯ ಬಿಸಿಲು. ಕಾಕಾ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಬಂದ. ‘ಬರ್ರಿ, ಹಚ್ಚೂಣು,’ ಎಂದರು ಚಾಚಾ. ತಗಡನ್ನು ಮತ್ತೆ ಒರೆಸಲಿಲ್ಲ. ಇದೊಂದನ್ನು ನಾನು ಹತ್ತಿರದಿಂದ ನೋಡಿದೆ. ಒರೆಸಲಿಲ್ಲ. ಕುದುರೆಯನ್ನು ಹಿಡಿದು, ಒಂದು ತುದಿಯಿಂದ ಒತ್ತುತ್ತಾ, ಅಂಟಿಸಿಬಿಟ್ಟರು.

ಯಾರ್ಡಿನಲ್ಲಿ ಒಂದು ವಾರವೂ ಹಿಡಿಯಲಿಲ್ಲ, ಗಾಡಿಗೆ ಹೊಸ ಹೆಸರು ಬಂತು. ‘ಕುದುರಿ ಬಂತ್ರೋ.’ ‘ಕುದುರಿಗೆ ಇನ್ನೆರಡು ಚೀಲಾ ಹಾಕ್ರಿ.’ ಕಾಕಾನ ಮುಖ ಸ್ವಲ್ಪ ತಿಳಿಯಾಯಿತು ಎಂದು ಅಪ್ಪ ಹೇಳಿದ. ಚಿಗವ್ವ ತೊಟ್ಟು ಬಿಡಿಸಲು ಹೋಗುವುದನ್ನು ಬಿಟ್ಟಳು. ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ, ತಟ್ಟೆ ಹಾಗೇ ಇರುತ್ತದೆ, ಕರೆದರೆ ತಿರುಗುವುದಿಲ್ಲ ಎಂದು ಸುದ್ದಿ ಬರುತ್ತಿತ್ತು. ಅವ್ವ ಹೋಗಿ ನೋಡಿಕೊಂಡು ಬಂದು, ‘ಆಕಿನೂ ಉಳಿಯಂಗ ಕಾಣವಲ್ಳು,’ ಎಂದು ಅಪ್ಪನ ಹತ್ತಿರ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಬಿಸಿಲು ಏರಿದಂತೆ ಕುದುರೆಯ ಗೊರಸು ಎದ್ದಿತು. ಎದ್ದ ಜಾಗದಲ್ಲಿ ಕೆಂಪು ಧೂಳು ನುಗ್ಗಿತು. ಒಂದು ಬೆಳಿಗ್ಗೆ ಯಾರ್ಡಿನ ನಡುವೆ, ಎಲ್ಲರೂ ನೋಡುತ್ತಿದ್ದಂತೆ, ಇಡೀ ಕುದುರೆ ಒಣಗಿದ ಬಾಳೆಎಲೆಯ ಹಾಗೆ ಸುರುಳಿಯಾಗಿ ಕಳಚಿ ಬಿದ್ದಿತು. ಅಡಿಯಲ್ಲಿ ಆ ಹೆಸರು, ಕಡುನೀಲಿಯಲ್ಲಿ.

ಕಾಕಾ ಚೀಲಗಳನ್ನು ಅಲ್ಲೇ ಇಳಿಸಿ ನೇರವಾಗಿ ರಾಣೆಬೆನ್ನೂರಿಗೆ ಬಂದ. ಅವನು ಅಷ್ಟು ಸಿಟ್ಟಾಗಿದ್ದನ್ನು ನಾನು ನೋಡಿರಲಿಲ್ಲ. ‘ಏನ್ರಿ ಚಾಚಾ, ಗಾಡಿ ಗುಜರಿಗೆ ಹೋದ್ರೂ ನಿಮ್ಮದು ಹೋಗಂಗಿಲ್ಲ ಅಂತಿದ್ರಿ?’

ಚಾಚಾ ವಾದ ಮಾಡುತ್ತಾರೆ, ಬಿಸಿಲನ್ನು ಬೈಯುತ್ತಾರೆ, ಸ್ಟಿಕ್ಕರಿನ ಕಂಪನಿಯನ್ನು ಬೈಯುತ್ತಾರೆ ಎಂದು ಕಾದೆ. ಅವರು, ‘ಹೊಲಸು ಉಳದಿತ್ರಿ. ನನ್ನ ತಪ್ಪು,’ ಎಂದರು. ಆ ಬಾಯಿಂದ ಆ ಮಾತು ಓಣಿಯಲ್ಲಿ ಯಾರೂ ಕೇಳಿದ್ದಿಲ್ಲ.

‘ಹಂಗಾರ ಇನ್ನೊಮ್ಮೆ ತೊಳದು ಹಚ್ಚರಿ.’

‘ಆ ಜಾಗಾ ಇನ್ನ ಏನೂ ಹಿಡಿಯಂಗಿಲ್ರಿ ಅಣ್ಣಾರ.’

ಅದು ಸುಳ್ಳು. ತೊಳೆದರೆ ಹಿಡಿಯದ ತಗಡು ಭೂಮಿಯ ಮೇಲಿಲ್ಲ ಎಂದು ಅವರೇ ಹೇಳುತ್ತಿದ್ದರು. ಕಾಕಾ ಒಮ್ಮೆ ಚಾಚಾ ಅವರ ಮುಖ ನೋಡಿ ಗಾಡಿ ಹತ್ತಿ ಹೋದ. ಅವನು ಯಾರ್ಡಿಗೆ ಮರಳಿದಾಗ ಗೇಟಿನ ಹತ್ತಿರ ಚಿಗವ್ವ ನಿಂತಿದ್ದಳಂತೆ. ಯಾರೋ ಹೋಗಿ ಸುದ್ದಿ ಹೇಳಿದ್ದರು. ಗಾಡಿ ನಿಂತ ಕೂಡಲೇ ಆಕೆ ಮುಂದೆ ಬಂದು, ಎಲ್ಲರೆದುರಿಗೆ, ಸೆರಗಿನಿಂದ ಆ ಅಕ್ಷರಗಳ ಧೂಳು ಒರೆಸಿದಳಂತೆ. ಮರುದಿನದಿಂದ ಮತ್ತೆ ತೊಟ್ಟು ಬಿಡಿಸಲು ಬಂದಳು, ಬುತ್ತಿ ಕಟ್ಟಿಕೊಂಡು. ಕಾಕಾ ಪೇಂಟ್ ಹೊಡೆಸಲಿಲ್ಲ. ಕೆಲವು ವರ್ಷಗಳ ಮೇಲೆ ಗಾಡಿಯನ್ನು ಮಾರಿದ. ಅದು ಯಾವ ಊರಿಗೆ ಹೋಯಿತೋ, ಅಲ್ಲಿಯ ಹಮಾಲರು ಅದನ್ನು ಏನೆಂದು ಕರೆದರೋ ಗೊತ್ತಿಲ್ಲ.

ಈ ಎಲ್ಲದರ ಬೆಲೆ ತೆತ್ತವರು ಚಾಚಾ. ‘ಚಾಚಾನ ಕುದುರಿ ಓಡಿ ಹೋತಂತ!’ ಎಂಬ ಮಾತು ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ, ಅಲ್ಲಿಂದ ರಾಣೆಬೆನ್ನೂರಿಗೆ ಬಂತು. ರಸ್ತೆಯಲ್ಲಿ ಹೋಗುವ ಡ್ರೈವರುಗಳು ಗಾಡಿ ನಿಧಾನ ಮಾಡಿ, ‘ಕುದುರಿ ಸಿಕ್ಕಿತೇನ್ರಿ ಚಾಚಾ?’ ಎಂದು ಕೇಳಿ ಹೋಗುತ್ತಿದ್ದರು. ಅವರು ಬೇರೆಯವರಿಗೆ ಮಾಡಿದ ಹಾಸ್ಯವೆಲ್ಲ ಬಡ್ಡಿ ಸಮೇತ ಮರಳಿ ಬಂತು. ಬ್ಯಾಡಗಿಯ ಗಾಡಿಗಳು ಬೇರೆ ಅಂಗಡಿ ಹುಡುಕಿಕೊಂಡವು. ಚಾಚಾ ಸಂಜೆ ಕಟ್ಟೆಯ ಮೇಲೆ ಕೂರುವುದು ಕಡಿಮೆಯಾಯಿತು. ಕೂತರೂ ರಸ್ತೆಯ ಕಡೆ ಬೆನ್ನು ಮಾಡಿ ಕೂರುತ್ತಿದ್ದರು. ಬಿಳಿ ಅಂಗಿ ಹಾಗೇ ಇತ್ತು.

ನಾನು ಇಷ್ಟು ವರ್ಷ ಕೂಡಿಸಿ ಕಳೆದು ನೋಡಿದ್ದೇನೆ. ಆ ಅಂಗೈಗಳ ಜಿಡ್ಡಿಗೆ ಅಕ್ಷರಗಳ ಮೇಲಿನ ಭಾಗ ಎದ್ದೀತು, ಅಂದರೆ ಕುದುರೆಯ ಹೊಟ್ಟೆ ಎದ್ದೀತು. ಗೊರಸಿನಿಂದ ಎದ್ದು, ತಲೆ ಬಾಲ ಸಮೇತ ಅದು ಬೀಳಬೇಕಾದರೆ... ಆ ಕೈಗಳು ಹೋಗದ ಕಡೆಗೂ ಏನೋ ಹೋಗಿರಬೇಕು, ಚಾಚಾ ಹಿಡಿದಿದ್ದ ಬಟ್ಟೆಯೇ ಇರಬಹುದು. ಅಥವಾ ಅದು ಬರಿಯ ಕಳಪೆ ಸ್ಟಿಕ್ಕರು. ಅಥವಾ ಚಾಚಾ ಅವರಿಗೆ ಅಂದು ಮನಸ್ಸು ನೆಟ್ಟಗಿರಲಿಲ್ಲ. ಹಳದಿ ಅಕ್ಷರ ಕೇಳಿದ ಹುಡುಗಿಯನ್ನು ಅವರೂ ಮರೆತಿರಲಿಲ್ಲ. ಅಥವಾ ನಾನು ಕಂಡ ಹೆಂಗಸು ದಾರಿಹೋಕಳು, ಬಿಸಿಲಿನಲ್ಲಿ ಗಾಡಿಗೆ ಕೈಯೂರಿ ನಿಂತವಳು. ಚಿಗವ್ವ ಆ ದಿನ ಮನೆಯಲ್ಲೇ ಇದ್ದಳೆಂದು ಕಾಕಾ ಇಂದಿಗೂ ನಂಬಿದ್ದಾನೆ.

ಚಾಚಾ ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಅವ್ವ ಫೋನಿನಲ್ಲಿ ಹೇಳಿದಳು. ಕೇಳಬೇಕಾದದ್ದನ್ನು ಅವರಿಗೆ ಕೇಳಬಹುದಾಗಿದ್ದ ವರ್ಷಗಳಲ್ಲಿ ನನಗೆ ಕೇಳಬೇಕೆಂದು ಅನಿಸಿರಲಿಲ್ಲ. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಗಾಡಿಗಳ ಸ್ಟಿಕ್ಕರಿಗೆ ಬೈಪಾಸಿನ ಹತ್ತಿರ ಮಷೀನು ಬಂದಿದೆ. ಅಲ್ಲಿ ಗಾಡಿ ತೊಳೆಯಲು ಬೇರೆಯೇ ಜಾಗವಿದೆ, ಪೈಪಿನ ನೀರು ರಭಸವಾಗಿ ಹೊಡೆಯುತ್ತದೆ, ಯಾರೂ ಯಾರಿಗೂ ಕೂಗುವುದಿಲ್ಲ.

ಹಾವೇರಿಯ ಲ್ಯಾಬಿನಿಂದ ಹೊರಗೆ ಬಂದವಳು ಮನೆಗೆ ಹೋಗಲಿಲ್ಲ. ಬ್ಯಾಡಗಿ ಬಸ್ ಹತ್ತಿದೆ. ಚಿಗವ್ವ ಹಿತ್ತಲ ಬಾಗಿಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನ ಮೊಣಕೈಯ ಪಟ್ಟಿ ನೋಡಿ, ‘ಏನಾಗೇತಿ?’ ಎಂದಳು.

‘ಏನಿಲ್ಲ, ಸುಮ್ನ ಟೆಸ್ಟ್.’

‘ಸುಮ್ನ ಯಾರು ರಕ್ತಾ ಕೊಡ್ತಾರ ಯವ್ವಾ? ಹೆಚ್ಚಾಗೇತೇನು?’

ಇಬ್ಬರೂ ನಕ್ಕೆವು. ಆಮೇಲೆ ನಾನು, ರೇಡಿಯಂ ಚಾಚಾ ನೆನಪಾದರು ಎಂದೆ. ಅಷ್ಟನ್ನೇ ಹೇಳಿದೆ. ಚಿಗವ್ವ ಕೈ ನಿಲ್ಲಿಸಲಿಲ್ಲ.

‘ಅವರು ತೀರಿಕೊಂಡಾಗ ನಾ ಹೋಗಿದ್ದೆ,’ ಎಂದಳು. ‘ಸುದ್ದಿ ಬಂದ ಕೂಡ್ಲೆ ಬಸ್ ಹತ್ತಿದೆ. ನಿಮ್ಮ ಮನಿಗೆ ಬರಲಿಲ್ಲ. ನಿಮ್ಮ ಕಾಕಾಗೂ ಹೇಳಲಿಲ್ಲ. ಚಾಚಿ ಕೈ ಹಿಡಕೊಂಡು ಕುಂತಿದ್ದೆ. ನಾ ಯಾರಂತ ಆಕಿ ಕೇಳಲಿಲ್ಲ. ಆಕಿಗೆ ಗೊತ್ತಿತ್ತು.’

ನನಗೆ ತಿಳಿದ ಮಟ್ಟಿಗೆ ಚಿಗವ್ವ ಮತ್ತು ಚಾಚಾ ಅವರ ಹೆಂಡತಿ ಒಬ್ಬರನ್ನೊಬ್ಬರು ಎಂದೂ ನೋಡಿರಲಿಲ್ಲ. ಹಾಗಾದರೆ ಚಾಚಾ ಮನೆಯಲ್ಲಿ ಹೇಳಿದ್ದರು. ಏನು ಹೇಳಿದ್ದರು?

ಆಗ ನಾನು ಕೇಳಿಯೇಬಿಟ್ಟೆ. ಚಿಗವ್ವ ತಲೆ ಎತ್ತಿ ನನ್ನನ್ನು ನೋಡಿದಳು, ಸಿಟ್ಟಿಲ್ಲ, ಗಾಬರಿಯೂ ಇಲ್ಲ. ಹುಣಸೆಯ ಅಂಟು ಹತ್ತಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಎದ್ದು ಹೋಗಿ ಕೈ ತೊಳೆದಳು. ಊಟಕ್ಕೆ ರೊಟ್ಟಿ ಮಾಡಲೋ ಅನ್ನ ಸಾಕೋ ಎಂದು ಒಳಗಿನಿಂದ ಕೇಳಿದಳು. ಆ ದಿನದ ಮೇಲೆ ನಾವು ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ನನ್ನ ಟೆಸ್ಟಿನ ಬಗ್ಗೆ, ಅವ್ವನ ಮೊಣಕಾಲಿನ ಬಗ್ಗೆ. ಅಂದು ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

‘ಚಿಗವ್ವಾ, ಕೈ ಇಡ್ರಿ ಅಂತ ಅವರೇ ನಿನಗ ಹೇಳಿದ್ರೇನು?’